ವ್ಯಕ್ತಿ ಮತ್ತು ಸಮುದಾಯ: ಮಾರ್ಕ್ಸ್ ಬರಹಗಳನ್ನು ಗುಂಪಾಗಿ ಓದುವ ಬಗೆ

ಕಮ್ಯುನಿಸ್ಟ್ ಚಿಂತನೆಯಲ್ಲಿ ವ್ಯಕ್ತಿಗೆ ಜಾಗವೇ ಇಲ್ಲ, ಅಲ್ಲಿ ಎಲ್ಲವೂ ಸಮೂಹದ ಹೆಸರಿನಲ್ಲೇ ನಡೆಯುತ್ತದೆ ಎಂಬ ಮಾತು ಬೆಂಗಳೂರಿನ ಕಾಲೇಜು ಚರ್ಚೆಗಳಲ್ಲಿ ಸಲೀಸಾಗಿ ಕೇಳಿಬರುತ್ತದೆ. ವ್ಯಕ್ತಿಸ್ವಾತಂತ್ರ್ಯದ ಮಾತೆತ್ತುವುದೇ ಮಧ್ಯಮವರ್ಗದ ಚಪಲ ಎಂಬ ಮಾತು ಎಡಪಂಥೀಯ ಸಭೆಗಳಲ್ಲಿ ಅಷ್ಟೇ ಸಲೀಸಾಗಿ ಕೇಳಿಬರುತ್ತದೆ. ಮೂಲ ಬರಹಗಳನ್ನು ತೆರೆದು ಕೂತರೆ ಈ ಎರಡು ಮಾತುಗಳಲ್ಲಿ ಯಾವುದೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಬೆಂಗಳೂರಿನಲ್ಲಿ ಒಂದು ಸಣ್ಣ ಓದುಗರ ಗುಂಪು ಕಟ್ಟಿಕೊಂಡು, ಆರೇಳು ಭೇಟಿಗಳಲ್ಲಿ, ಈ ಪ್ರಶ್ನೆಯನ್ನು ಪಠ್ಯದಿಂದಲೂ ನಗರದ ಅನುಭವದಿಂದಲೂ ಪರಿಶೀಲಿಸುವುದು ಹೇಗೆ ಎಂಬುದನ್ನು ಈ ಲೇಖನ ವಿವರಿಸುತ್ತದೆ. ಮಾರ್ಕ್ಸ್‌ವಾದವನ್ನು ಒಪ್ಪಿಸುವುದಾಗಲಿ ತಳ್ಳಿಹಾಕಿಸುವುದಾಗಲಿ ಇದರ ಉದ್ದೇಶವಲ್ಲ.

ಗುಂಪಿಗೆ ಎಂಟು ಹತ್ತು ಜನ ಸಾಕು. ಹದಿನೈದು ದಾಟಿದರೆ ಓದು ನಿಂತು ಉಪನ್ಯಾಸ ಶುರುವಾಗುತ್ತದೆ. ವಿದ್ಯಾರ್ಥಿಗಳು ಮತ್ತು ಅಧ್ಯಾಪಕರಷ್ಟೇ ಇರುವ ಗುಂಪಿನಲ್ಲಿ ಈ ವಿಷಯ ಬಹುಬೇಗ ಪದಗಳ ಆಟವಾಗಿಬಿಡುವುದರಿಂದ, ಗಾರ್ಮೆಂಟ್ಸ್ ಕೆಲಸಗಾರರೊಬ್ಬರು, ಡೆಲಿವರಿ ಕೆಲಸದಲ್ಲಿರುವವರೊಬ್ಬರು, ನಿವೃತ್ತ ಕಾರ್ಖಾನೆ ನೌಕರರೊಬ್ಬರು ಇರುವಂತೆ ನೋಡಿಕೊಳ್ಳುವುದು ಒಳ್ಳೆಯದು. ಆಗ ಸಮಯ ಗೊತ್ತುಮಾಡುವುದೇ ಮೊದಲ ತೊಡಕಾಗುತ್ತದೆ. ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಸಿಗುವುದು ಭಾನುವಾರ ಒಂದೇ, ಅದೂ ಬಟ್ಟೆ ಒಗೆದು ರೇಷನ್ ತಂದ ಮೇಲೆ. ಡೆಲಿವರಿ ಹುಡುಗರಿಗೆ ಭಾನುವಾರವೇ ಹೆಚ್ಚು ಆರ್ಡರ್ ಬರುವ ದಿನ. ಎಲ್ಲರಿಗೂ ಒಂದೇ ಸಮಯ ಎಂದು ನಿಗದಿ ಮಾಡಿದರೆ ಅದು ಯಾರೋ ಒಬ್ಬರ ದಿನದ ಸಂಪಾದನೆಯನ್ನು ನುಂಗುತ್ತದೆ. ಈ ಜಗ್ಗಾಟವನ್ನು ವಾಟ್ಸ್‌ಆ್ಯಪ್‌ನಲ್ಲಿ ಬೇಗ ಮುಗಿಸಿಬಿಡಬೇಡಿ. ಅದನ್ನು ಮೊದಲ ಭೇಟಿಗೇ ತನ್ನಿ, ಏಕೆಂದರೆ ಮೊದಲು ಓದಬೇಕಾದ ಪುಟಗಳು ಹೇಳುವುದು ಇದನ್ನೇ.

ಭೇಟಿಗೆ ನಾಲ್ಕೈದು ಪುಟಗಳಿಗಿಂತ ಹೆಚ್ಚು ಇಟ್ಟುಕೊಳ್ಳಬಾರದು. ಒಬ್ಬರು ಗಟ್ಟಿಯಾಗಿ ಓದಬೇಕು, ಪಕ್ಕದವರು ಅದನ್ನೇ ತಮ್ಮ ಮಾತಿನಲ್ಲಿ ಕನ್ನಡದಲ್ಲಿ ಹೇಳಬೇಕು. ಪಠ್ಯ ಇಂಗ್ಲಿಷಿನಲ್ಲೇ ಇದ್ದರೂ ಚರ್ಚೆ ಕನ್ನಡದಲ್ಲೇ ನಡೆಯಲಿ. ಪ್ರತಿ ಭೇಟಿಯಲ್ಲೂ ಎರಡು ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಬರೆದಿಡಿ: ಈ ಕೂಟ ಇಲ್ಲದಿದ್ದರೆ ಈ ವ್ಯಕ್ತಿಗೆ ಏನು ಸಾಧ್ಯವಾಗುತ್ತಿರಲಿಲ್ಲ? ಈ ಕೂಟದೊಳಗೆ ಆ ವ್ಯಕ್ತಿ ‘ಒಲ್ಲೆ’ ಎಂದರೆ ಅವರಿಗೆ ಏನಾಗುತ್ತದೆ? ಇಲ್ಲಿ ಕೂಟ ಎಂದರೆ ಆ ದಿನ ಚರ್ಚೆಗೆ ಬಂದ ಯಾವುದೇ ಒಗ್ಗೂಡುವಿಕೆ: ಕಾರ್ಖಾನೆ, ಯೂನಿಯನ್, ಹಳ್ಳಿ, ಪಕ್ಷ. ಮೊದಲ ಪ್ರಶ್ನೆಯನ್ನು ಮಾರ್ಕ್ಸ್ ಸದಾ ಕೇಳುತ್ತಾರೆ. ಎರಡನೆಯದನ್ನು ಅವರು ಅಲ್ಲಲ್ಲಿ ಮಾತ್ರ ಕೇಳುತ್ತಾರೆ, ಅವರ ಹೆಸರಿನಲ್ಲಿ ಆಳಿದವರು ಬಹುಪಾಲು ಕೇಳಲೇ ಇಲ್ಲ. ಇಡೀ ಓದಿನ ಬೆನ್ನೆಲುಬು ಇಷ್ಟೇ.

ಎಲ್ಲಿಂದ ಶುರು ಮಾಡಬೇಕು

ರೂಢಿಯಂತೆ ಎಲ್ಲರೂ 1848ರ ಕಮ್ಯುನಿಸ್ಟ್ ಪ್ರಣಾಳಿಕೆಯಿಂದ ಶುರು ಮಾಡುತ್ತಾರೆ. ಈ ವಿಷಯಕ್ಕೆ ಅದು ತಕ್ಕ ಆರಂಭವಲ್ಲ ಎಂಬುದು ನನ್ನ ಅಭಿಪ್ರಾಯ. ಪ್ರಣಾಳಿಕೆಯ ಎರಡನೆಯ ಭಾಗದ ಕೊನೆಯಲ್ಲಿ, ಪ್ರತಿಯೊಬ್ಬರ ಮುಕ್ತ ಬೆಳವಣಿಗೆಯೇ ಎಲ್ಲರ ಮುಕ್ತ ಬೆಳವಣಿಗೆಗೆ ಷರತ್ತಾಗಿರುವ ಕೂಟವೊಂದರ ಮಾತು ಬರುತ್ತದೆ, ನಿಜ. ಕ್ರಮವನ್ನು ಗಮನಿಸಿ: ಎಲ್ಲರದು ಮೊದಲು, ಆಮೇಲೆ ಒಬ್ಬರದು ಎಂದು ಅಲ್ಲಿ ಹೇಳಿಲ್ಲ. ಆದರೆ ಆ ವಾಕ್ಯ ಭಾಷಣಗಳಲ್ಲಿ ಉರುಳಿ ಉರುಳಿ ನುಣುಪಾಗಿದೆ. ಅದನ್ನು ಮೊದಲೇ ಓದಿದವರು ತಲೆಯಾಡಿಸಿ ಮುಂದೆ ಹೋಗಿಬಿಡುತ್ತಾರೆ.

ಆದ್ದರಿಂದ ಗೋಥಾ ಕಾರ್ಯಕ್ರಮದ ವಿಮರ್ಶೆಯಿಂದ ಆರಂಭಿಸಿ. 1875ರಲ್ಲಿ ಜರ್ಮನಿಯ ಎರಡು ಕಾರ್ಮಿಕ ಪಕ್ಷಗಳು ಗೋಥಾ ಪಟ್ಟಣದಲ್ಲಿ ಒಂದಾಗಲು ಹೊರಟಾಗ ಅವುಗಳ ಕರಡು ಕಾರ್ಯಕ್ರಮದ ಮೇಲೆ ಮಾರ್ಕ್ಸ್ ಬರೆದ ಟಿಪ್ಪಣಿಗಳಿವು. ಮಾರ್ಕ್ಸ್ ತೀರಿಕೊಂಡ ಮೇಲೆ, 1891ರಲ್ಲಿ, ಅವರ ಒಡನಾಡಿ ಏಂಗೆಲ್ಸ್ ಇವನ್ನು ಪ್ರಕಟಿಸಿದರು. ದುಡಿದಷ್ಟಕ್ಕೆ ತಕ್ಕ ಪಾಲು ಎಂಬ ಸಮಾನ ಹಕ್ಕನ್ನು ಇಲ್ಲಿ ಮಾರ್ಕ್ಸ್ ಬಿಡಿಸಿ ನೋಡುತ್ತಾರೆ. ಒಬ್ಬರ ಮೈಯಲ್ಲಿ ಕಸುವು ಹೆಚ್ಚು, ಇನ್ನೊಬ್ಬರದು ಕಡಿಮೆ. ಒಬ್ಬರಿಗೆ ಮದುವೆಯಾಗಿದೆ, ಇನ್ನೊಬ್ಬರಿಗಿಲ್ಲ. ಒಬ್ಬರಿಗೆ ಮಕ್ಕಳು ಹೆಚ್ಚು. ಇವರೆಲ್ಲರನ್ನೂ ಬರೀ ‘ಕಾರ್ಮಿಕ’ ಎಂಬ ಒಂದೇ ಅಳತೆಯಿಂದ ಅಳೆದರೆ, ಆ ಸಮಾನ ಹಕ್ಕೇ ಅಸಮಾನತೆಯನ್ನು ತರುತ್ತದೆ. ‘ಸಾಮರ್ಥ್ಯಕ್ಕೆ ತಕ್ಕಂತೆ ದುಡಿಮೆ, ಅಗತ್ಯಕ್ಕೆ ತಕ್ಕಂತೆ ಪಾಲು’ ಎಂಬ ಸೂತ್ರ ಬರುವುದು ಈ ವಾದದ ಬೆನ್ನಿಗೇ. ಎಲ್ಲರನ್ನೂ ಒಂದೇ ಅಚ್ಚಿಗೆ ಹಾಕುವುದು ಕಮ್ಯುನಿಸಂನ ಗುರಿ ಎಂದು ನಂಬಿ ಬಂದವರಿಗೆ ಈ ಪುಟ ಒಳ್ಳೆಯ ಪೆಟ್ಟು ಕೊಡುತ್ತದೆ: ಇಲ್ಲಿನ ತಕರಾರು ಇರುವುದೇ ಅಚ್ಚಿನ ಮೇಲೆ.

ಇಲ್ಲಿ ಕನ್ನಡದ ಗುಂಪಿನಲ್ಲಿ ಯಾರಾದರೂ ಆಯ್ದಕ್ಕಿ ಲಕ್ಕಮ್ಮನನ್ನು ನೆನಪಿಸದೇ ಇರುವುದಿಲ್ಲ. ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಮಾರಯ್ಯನಿಗೆ ಅದನ್ನು ಅಲ್ಲೇ ಸುರಿದು ಬಾ ಎಂದ ಆ ಹೆಂಗಸು ‘ಅಗತ್ಯ’ದ ಪ್ರಶ್ನೆಯನ್ನು ಹನ್ನೆರಡನೆಯ ಶತಮಾನದಲ್ಲೇ ಎತ್ತಿದಳು ಎನ್ನಬಹುದು. ಆದರೆ ಲಕ್ಕಮ್ಮ ಅಗತ್ಯಕ್ಕೆ ಮೇಲಿನ ಮಿತಿಯನ್ನು ಹಾಕುತ್ತಾಳೆ, ಮಾರ್ಕ್ಸ್ ಅಗತ್ಯಗಳು ಬೆಳೆಯುತ್ತ ಹೋಗುವುದನ್ನೇ ಮನುಷ್ಯನ ಸಿರಿ ಎಂದು ಕಾಣುತ್ತಾರೆ. ಈ ವ್ಯತ್ಯಾಸವನ್ನು ಗುರುತಿಸಿಕೊಂಡು ಮುಂದೆ ಹೋಗಿ. ಕಾಯಕ ಮತ್ತು ದಾಸೋಹಗಳನ್ನು ಕಮ್ಯುನಿಸಂಗೆ ಸಮೀಕರಿಸುವ ಉತ್ಸಾಹಕ್ಕೆ ಇಡೀ ಸಂಜೆಯನ್ನು ಬಿಟ್ಟುಕೊಡಬೇಡಿ.

ಪಿ.ಎಫ್. ಹಣದ ಎರಡು ದಿನಗಳು

ಎರಡನೆಯ ಭೇಟಿಗೆ 2016ರ ಏಪ್ರಿಲ್ 18 ಮತ್ತು 19ರ ದಿನಪತ್ರಿಕೆಗಳ ವರದಿಗಳನ್ನು ತರಿಸಿಕೊಳ್ಳಿ. ಆ ವರ್ಷದ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಭವಿಷ್ಯನಿಧಿಯ (ಪಿ.ಎಫ್.) ನಿಯಮವನ್ನು ತಿದ್ದಿ, ಕೆಲಸ ಬಿಟ್ಟವರು ತಮ್ಮ ಪಾಲಿನ ಹಣವನ್ನಷ್ಟೇ ತೆಗೆದುಕೊಳ್ಳಬಹುದು, ಮಾಲೀಕರ ಪಾಲು 58 ವರ್ಷ ತುಂಬಿದ ಮೇಲೆಯೇ ಸಿಗುತ್ತದೆ ಎಂದು ಅಧಿಸೂಚನೆ ಹೊರಡಿಸಿತ್ತು. ಇಪ್ಪತ್ತರ ಹರೆಯದಲ್ಲಿ ಮಷಿನ್ ಮುಂದೆ ಕೂತು, ಮೂವತ್ತೈದು ನಲವತ್ತಕ್ಕೆ ಬೆನ್ನು ಸೋತು ಕೆಲಸ ಬಿಡುವ ಹೆಣ್ಣುಮಕ್ಕಳಿಗೆ 58 ಎಂಬುದು ಅರ್ಥವಿಲ್ಲದ ಅಂಕಿ. ಹೊಸೂರು ರಸ್ತೆಯಲ್ಲಿಯೂ ತುಮಕೂರು ರಸ್ತೆಯಲ್ಲಿಯೂ ಸಾವಿರಾರು ಗಾರ್ಮೆಂಟ್ಸ್ ಕೆಲಸಗಾರರು, ಅವರಲ್ಲಿ ಬಹುಪಾಲು ಮಹಿಳೆಯರು, ದೊಡ್ಡ ಯೂನಿಯನ್ನುಗಳ ಕರೆಗೆ ಕಾಯದೆ ರಸ್ತೆಗೆ ಇಳಿದರು. ಎರಡನೆಯ ದಿನ ಕೇಂದ್ರ ಸರ್ಕಾರ ಅಧಿಸೂಚನೆಯನ್ನು ಹಿಂತೆಗೆದುಕೊಂಡಿತು.

ಈ ಘಟನೆಯನ್ನು ಬೋರ್ಡಿನ ಮೊದಲ ಪ್ರಶ್ನೆಗೆ ಒಡ್ಡಿ. ಪಿ.ಎಫ್. ಖಾತೆ ಎಂಬುದು ಅಪ್ಪಟ ವೈಯಕ್ತಿಕ ವಸ್ತು. ಅದಕ್ಕೆ ಒಬ್ಬೊಬ್ಬರದೇ ಸಂಖ್ಯೆ ಇರುತ್ತದೆ, ಅದರ ಮೇಲೆ ಒಬ್ಬೊಬ್ಬರದೇ ಲೆಕ್ಕಾಚಾರ ಇರುತ್ತದೆ. ಒಬ್ಬಾಕೆಗೆ ಮಗಳ ಶಾಲೆಯ ಫೀಸು, ಇನ್ನೊಬ್ಬಾಕೆಗೆ ಸಂಘದ ಸಾಲ, ಮತ್ತೊಬ್ಬಾಕೆಗೆ ಊರಿನ ಮನೆಯ ಚಾವಣಿ. ಯಾರೂ ತನ್ನ ಹಣವನ್ನು ಇನ್ನೊಬ್ಬರೊಂದಿಗೆ ಹಂಚಿಕೊಳ್ಳಲು ಬಂದವರಲ್ಲ. ಆದರೂ ಒಬ್ಬಾಕೆ ತಾನೊಬ್ಬಳೇ ಪಿ.ಎಫ್. ಆಫೀಸಿನ ಕೌಂಟರಿನ ಮುಂದೆ ನಿಂತಿದ್ದರೆ ಕೈಗೆ ಏನು ಸಿಗುತ್ತಿತ್ತೆಂದು ಯೋಚಿಸಿ. 1845–46ರಲ್ಲಿ ಮಾರ್ಕ್ಸ್ ಮತ್ತು ಏಂಗೆಲ್ಸ್ ಬರೆದ, 1932ರವರೆಗೆ ಪೂರ್ಣವಾಗಿ ಅಚ್ಚಾಗದ ಜರ್ಮನ್ ಐಡಿಯಾಲಜಿಯಲ್ಲಿ, ಸಮುದಾಯದಲ್ಲಿ ಮಾತ್ರ ವ್ಯಕ್ತಿಗೆ ತನ್ನ ಶಕ್ತಿಗಳನ್ನು ಎಲ್ಲ ದಿಕ್ಕುಗಳಲ್ಲಿ ಬೆಳೆಸಿಕೊಳ್ಳುವ ಸಾಧನ ದೊರೆಯುತ್ತದೆ, ಆದ್ದರಿಂದ ವೈಯಕ್ತಿಕ ಸ್ವಾತಂತ್ರ್ಯ ಸಮುದಾಯದಲ್ಲೇ ಸಾಧ್ಯ ಎಂಬ ವಾದವಿದೆ. ಈ ಪುಟವನ್ನು ಆ ಎರಡು ದಿನಗಳ ವರದಿಯ ಪಕ್ಕದಲ್ಲಿಟ್ಟು ಓದಿದರೆ ಅದು ಮೋಡದಿಂದ ಗಾರ್ಮೆಂಟ್ಸ್ ಕಾರ್ಖಾನೆಗಳ ಬೊಮ್ಮನಹಳ್ಳಿಗೆ ಇಳಿಯುತ್ತದೆ. ಪ್ರಣಾಳಿಕೆಯ ಆಸ್ತಿಯ ಭಾಗವನ್ನೂ ಈಗಲೇ ನೋಡಿಬಿಡಿ. ಕಮ್ಯುನಿಸಂ ಯಾರಿಂದಲೂ ಸಮಾಜದ ಉತ್ಪನ್ನಗಳನ್ನು ಪಡೆಯುವ ಅಧಿಕಾರವನ್ನು ಕಿತ್ತುಕೊಳ್ಳುವುದಿಲ್ಲ, ಹಾಗೆ ಪಡೆದದ್ದರ ಬಲದಿಂದ ಇನ್ನೊಬ್ಬರ ದುಡಿಮೆಯನ್ನು ಅಡಿಯಾಳಾಗಿಸುವ ಅಧಿಕಾರವನ್ನಷ್ಟೇ ಕಿತ್ತುಕೊಳ್ಳುತ್ತದೆ ಎಂದು ಅಲ್ಲಿದೆ. ಪಿ.ಎಫ್. ಪಾಸ್‌ಬುಕ್ಕಿಗೂ ಕಾರ್ಖಾನೆಯ ಒಡೆತನಕ್ಕೂ ಇರುವ ವ್ಯತ್ಯಾಸ ಇದೇ.

ಎರಡನೆಯ ಪ್ರಶ್ನೆಯನ್ನು ಕೇಳದೆ ಎದ್ದುಬಿಡಬಾರದು. ಆ ದಿನಗಳಲ್ಲಿ ಕಲ್ಲು ತೂರಾಟ ನಡೆಯಿತು, ವಾಹನಗಳಿಗೆ ಬೆಂಕಿ ಬಿತ್ತು, ಪೊಲೀಸರ ಲಾಠಿಯೂ ಬೀಸಿತು. ಮನೆಗೆ ಹೋಗಬೇಕೆಂದ ಕೆಲಸಗಾರ್ತಿಗೆ ಗೇಟಿನ ಬಳಿ ಏನಾಗಿರಬಹುದು? ಗುಂಪಿನಲ್ಲಿ ಆಗ ಅಲ್ಲಿದ್ದವರು ಯಾರಾದರೂ ಇದ್ದರೆ ಅವರೇ ಹೇಳಲಿ, ಉಳಿದವರು ಊಹಿಸುವುದು ಬೇಡ.

ಒಂದು ಲೈನ್, ಒಂದು ಶರ್ಟ್

ಮೂರನೆಯ ಭೇಟಿ ಎಲ್ಲಕ್ಕಿಂತ ಕಠಿಣವಾದದ್ದು. ಅದಕ್ಕೆ ಎರಡು ವಾರ ಹಿಡಿದರೂ ಚಿಂತೆಯಿಲ್ಲ. ಇಲ್ಲಿ ಓದಬೇಕಾದವು 1844ರ ಹಸ್ತಪ್ರತಿಗಳಲ್ಲಿ ಪರಕೀಯತೆಯನ್ನು ಕುರಿತ ಪುಟಗಳು, ಜರ್ಮನ್ ತತ್ವಜ್ಞಾನಿ ಫಾಯರ್‌ಬಾಖ್ ಕುರಿತ 1845ರ ಟಿಪ್ಪಣಿಗಳಲ್ಲಿ ಆರನೆಯದು, ಮತ್ತು 1867ರ ‘ಬಂಡವಾಳ’ (ದಾಸ್ ಕ್ಯಾಪಿಟಲ್) ಗ್ರಂಥದ ಮೊದಲ ಸಂಪುಟದಲ್ಲಿ ಸಹಕಾರಿ ದುಡಿಮೆಯನ್ನು ಕುರಿತ ಅಧ್ಯಾಯ. ಓದುವ ಮೊದಲು ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡಿದವರಿಂದ ಒಂದು ಲೈನಿನ ವಿವರಣೆ ಕೇಳಿ. ಒಬ್ಬರು ಕಾಲರ್ ಹೊಲಿಯುತ್ತಾರೆ, ಒಬ್ಬರು ಕಫ್, ಒಬ್ಬರು ಜೇಬು, ಒಬ್ಬರು ತೋಳು ಕೂಡಿಸುತ್ತಾರೆ. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಬೋರ್ಡಿನ ಮೇಲಿರುತ್ತದೆ. ಕಾಲರ್ ಹೊಲಿಯುವಾಕೆ ಮೂತ್ರಕ್ಕೆಂದು ಎದ್ದರೆ ಅವಳ ಮುಂದೆ ಬಂಡಲ್ ಗುಡ್ಡೆ ಬೀಳುತ್ತದೆ, ಅವಳ ಮುಂದಿನಾಕೆಯ ಕೈ ಖಾಲಿಯಾಗುತ್ತದೆ, ಸೂಪರ್‌ವೈಸರ್ ಬೈಗುಳ ಇಬ್ಬರ ಮೇಲೂ ಬೀಳುತ್ತದೆ.

ಇಷ್ಟೊಂದು ಬಿಗಿಯಾಗಿ ಒಬ್ಬರ ಮೇಲೊಬ್ಬರು ಅವಲಂಬಿತರಾದ ಜನ ಯಾವ ಹಳ್ಳಿಯಲ್ಲೂ ಸಿಗುವುದಿಲ್ಲ. ಆದರೂ ಅವರ ಈ ಒಗ್ಗೂಡುವಿಕೆ ಅವರ ಕೈಯಲ್ಲಿಲ್ಲ. ಹತ್ತಾರು ಕೈಗಳು ಸೇರಿದಾಗ ಹುಟ್ಟುವ ಹೆಚ್ಚಿನ ಶಕ್ತಿ ಬಂಡವಾಳದ್ದೇ ಶಕ್ತಿಯೆಂಬಂತೆ ಅವರ ಎದುರು ನಿಲ್ಲುತ್ತದೆ. ಸಹಕಾರದ ಅಧ್ಯಾಯದ ವಾದವೇ ಇದು. 1844ರ ಪುಟಗಳು ಅದೇ ಸಂಗತಿಯನ್ನು ವ್ಯಕ್ತಿಯ ಕಡೆಯಿಂದ ಹೇಳುತ್ತವೆ: ದುಡಿಯುವವರು ತಾವು ಮಾಡಿದ ವಸ್ತುವಿಗೆ, ಮಾಡುವ ಕೆಲಸಕ್ಕೆ, ತಮ್ಮ ಮನುಷ್ಯತನಕ್ಕೆ, ಕೊನೆಗೆ ಪಕ್ಕದ ಮನುಷ್ಯರಿಗೇ ಪರಕೀಯರಾಗುತ್ತಾರೆ. ಪಕ್ಕದ ಮಷಿನಿನಾಕೆ ನನ್ನ ಟಾರ್ಗೆಟ್ ಕೆಡಿಸುವವಳಾಗಿ ಕಾಣುವ ಗಳಿಗೆಯಲ್ಲಿ ಈ ನಾಲ್ಕನೆಯದು ಸಿದ್ಧಾಂತವಾಗಿ ಉಳಿಯುವುದಿಲ್ಲ.

ಮನುಷ್ಯನ ಸಾರ ಒಬ್ಬೊಬ್ಬರೊಳಗೆ ಅಡಗಿ ಕೂತ ಅಮೂರ್ತ ವಸ್ತುವಲ್ಲ, ಅದು ಸಾಮಾಜಿಕ ಸಂಬಂಧಗಳ ಒಟ್ಟು ಮೊತ್ತ ಎನ್ನುವ ಆರನೆಯ ಟಿಪ್ಪಣಿಯನ್ನು ಓದಿದ ಕೂಡಲೇ, ಹಾಗಾದರೆ ವ್ಯಕ್ತಿ ಎಂಬುದೇ ಇಲ್ಲವಲ್ಲ ಎಂದು ಯಾರಾದರೂ ಕೇಳುತ್ತಾರೆ. ಅದಕ್ಕೆ ಉತ್ತರ 1844ರ ಹಸ್ತಪ್ರತಿಯಲ್ಲೇ ಇದೆ, ಅದನ್ನು ಆಗ ತೆರೆಯಿರಿ. ಸಮಾಜವನ್ನು ವ್ಯಕ್ತಿಯ ಎದುರು ಒಂದು ಅಮೂರ್ತ ಕಲ್ಪನೆಯಾಗಿ ಮತ್ತೆ ಪ್ರತಿಷ್ಠಾಪಿಸಬಾರದು ಎಂದು ಮಾರ್ಕ್ಸ್ ಅಲ್ಲಿ ಎಚ್ಚರಿಸುತ್ತಾರೆ. ಎಲ್ಲವನ್ನೂ ಸಮನಾಗಿ ತಟ್ಟಿ ಮಟ್ಟ ಮಾಡುವ, ಪ್ರತಿಭೆಯನ್ನೂ ವ್ಯಕ್ತಿತ್ವವನ್ನೂ ಅಳಿಸಿಹಾಕುವ ಒರಟು ಕಮ್ಯುನಿಸಂ ಎಂಬುದು ಹೊಟ್ಟೆಕಿಚ್ಚಿನದೇ ಇನ್ನೊಂದು ರೂಪ ಎಂದು ಅವರು ಅದೇ ಹಸ್ತಪ್ರತಿಯಲ್ಲಿ ಕಟುವಾಗಿ ಬರೆದಿದ್ದಾರೆ. ಆ ಹಸ್ತಪ್ರತಿಗಳೂ ಅಚ್ಚಾದದ್ದು 1932ರಲ್ಲಿ. ಅಂದರೆ ರಷ್ಯಾದ ಕ್ರಾಂತಿಯನ್ನು ನಡೆಸಿದವರು ಈ ಎಚ್ಚರಿಕೆಯನ್ನು ಓದಿರಲೇ ಇಲ್ಲ.

ಡೆಲಿವರಿ ಕೆಲಸದವರ ಸರದಿ ಇದಾದ ಮೇಲೆ ಬರಲಿ. 1857ರ ಒಂದು ಪೀಠಿಕೆಯಲ್ಲಿ ಮಾರ್ಕ್ಸ್, ದ್ವೀಪದಲ್ಲಿ ಒಂಟಿಯಾಗಿ ಬದುಕುವ ರಾಬಿನ್ಸನ್ನನಂಥ ಮನುಷ್ಯನಿಂದ ಅರ್ಥಶಾಸ್ತ್ರವನ್ನು ಆರಂಭಿಸುವವರನ್ನು ಲೇವಡಿ ಮಾಡುತ್ತಾರೆ. ಮನುಷ್ಯ ಸಮಾಜದೊಳಗೆ ಮಾತ್ರ ಒಂಟಿಯಾಗಬಲ್ಲ ಪ್ರಾಣಿ ಎನ್ನುತ್ತಾರೆ. ಆ್ಯಪ್ ಕಂಪನಿಗಳು ‘ಪಾರ್ಟ್‌ನರ್’ ಎಂದು ಕರೆಯುವ ಸವಾರ ಈ ಮಾತಿಗೆ ಬೆಂಗಳೂರಿನ ಸಾಕ್ಷಿ. ಅವರದೇ ಬೈಕು, ಅವರದೇ ಪೆಟ್ರೋಲು, ತಲೆಯ ಮೇಲೆ ಮ್ಯಾನೇಜರನಿಲ್ಲ. ಆದರೆ ಅವರ ಒಂದೊಂದು ತಿರುವೂ ಸಾವಿರಾರು ಸವಾರರ ಓಡಾಟದೊಂದಿಗೆ ಲೆಕ್ಕಕ್ಕೆ ಬಿದ್ದಿರುತ್ತದೆ, ಆ ಲೆಕ್ಕ ಅವರಿಗೆ ಕಾಣಿಸುವುದಿಲ್ಲ. ಇಂಥ ಆ್ಯಪ್ ಆಧಾರಿತ ಕೆಲಸದವರಿಗಾಗಿ ಕರ್ನಾಟಕ 2025ರಲ್ಲಿ ತಂದ ಗಿಗ್ ಕಾರ್ಮಿಕರ ಕಾಯ್ದೆ ಕಲ್ಯಾಣ ಮಂಡಳಿ, ಕಲ್ಯಾಣ ಶುಲ್ಕಗಳ ಜೊತೆಗೆ ಈ ಲೆಕ್ಕದ ಪಾರದರ್ಶಕತೆಯ ಮಾತನ್ನೂ ಆಡುತ್ತದೆ. ಕಾಯ್ದೆಯ ಕನ್ನಡ ಪ್ರತಿ ಸಿಕ್ಕರೆ ಆ ಕಲಮುಗಳನ್ನಷ್ಟೇ ಓದಿ.

ಸಮುದಾಯವೆಲ್ಲ ಒಳ್ಳೆಯದಲ್ಲ

ಹಳೆಯ ಹಳ್ಳಿಯಲ್ಲಿ ಎಲ್ಲರೂ ಹಂಚಿಕೊಂಡು ಬದುಕುತ್ತಿದ್ದರು, ಬಂಡವಾಳಶಾಹಿ ಅದನ್ನು ಕೆಡಿಸಿತು ಎಂಬ ಹಂಬಲ ಎಡ ಬಲ ಎರಡೂ ಕಡೆ ಇದೆ. ಅದನ್ನು ಪರೀಕ್ಷಿಸಲು ಎರಡು ಪಠ್ಯಗಳನ್ನು ಒಟ್ಟಿಗೆ ಓದಿ. ಒಂದು, 1853ರ ಜೂನ್‌ನಲ್ಲಿ ನ್ಯೂಯಾರ್ಕ್ ಡೈಲಿ ಟ್ರಿಬ್ಯೂನ್‌ನಲ್ಲಿ ಮಾರ್ಕ್ಸ್ ಭಾರತದ ಬ್ರಿಟಿಷ್ ಆಳ್ವಿಕೆಯ ಬಗ್ಗೆ ಬರೆದ ಲೇಖನ. ಬ್ರಿಟಿಷರ ಕ್ರೌರ್ಯವನ್ನು ಖಂಡಿಸುತ್ತಲೇ ಅವರು, ಈ ಪುಟ್ಟ ಗ್ರಾಮ ಸಮುದಾಯಗಳು ಮನುಷ್ಯನ ಬುದ್ಧಿಯನ್ನು ಅತಿ ಕಿರಿದಾದ ಆವರಣದಲ್ಲಿ ಕಟ್ಟಿಹಾಕಿದ್ದವು, ಜಾತಿಭೇದ ಮತ್ತು ಗುಲಾಮಗಿರಿಯಿಂದ ಕಲುಷಿತವಾಗಿದ್ದವು ಎನ್ನುತ್ತಾರೆ. ಇನ್ನೊಂದು, 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕರಡನ್ನು ಮಂಡಿಸುತ್ತ ಡಾ. ಬಿ. ಆರ್. ಅಂಬೇಡ್ಕರ್ ಮಾಡಿದ ಭಾಷಣ. ಹಳ್ಳಿಯನ್ನು ಸಂಕುಚಿತತೆಯ ಕೂಪ, ಅಜ್ಞಾನದ ಗುಹೆ ಎಂದು ಕರೆದ ಅವರು, ಕರಡು ಸಂವಿಧಾನ ಹಳ್ಳಿಯನ್ನು ಕೈಬಿಟ್ಟು ವ್ಯಕ್ತಿಯನ್ನು ಘಟಕವಾಗಿ ಸ್ವೀಕರಿಸಿದ್ದು ಸಂತೋಷದ ಸಂಗತಿ ಎಂದರು.

ಇಬ್ಬರ ನಡುವಿನ ಅಂತರವೂ ಚರ್ಚೆಗೆ ಬರಬೇಕು. ಮಾರ್ಕ್ಸ್ ಭಾರತವನ್ನು ಕಂಡವರಲ್ಲ, ಬ್ರಿಟಿಷ್ ವರದಿಗಳನ್ನು ಓದಿ ಬರೆದವರು. 1853ರ ಲೇಖನದಲ್ಲಿ ಜಾತಿ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಅಂಬೇಡ್ಕರ್ ಅವರಿಗೆ ಅದೇ ಇಡೀ ಪ್ರಶ್ನೆ. ಜಾತಿ ಶ್ರಮದ ವಿಭಜನೆಯಷ್ಟೇ ಅಲ್ಲ, ಅದು ಶ್ರಮಿಕರ ವಿಭಜನೆ ಎಂದು 1936ರಲ್ಲೇ ಅವರು ಸಮಾಜವಾದಿಗಳ ಮುಂದೆ ಇಟ್ಟ ತಕರಾರಿಗೆ ಸರಿಯಾದ ಉತ್ತರ ಇಂದಿಗೂ ಬಂದಿಲ್ಲವೆಂದೇ ನನ್ನ ಅನಿಸಿಕೆ. ಪೀಣ್ಯ ಕೈಗಾರಿಕಾ ಪ್ರದೇಶದ ಒಂದೇ ಲೈನಿನಲ್ಲಿ ಅಕ್ಕಪಕ್ಕ ಕೂತವರು ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಎಲ್ಲಿ, ಯಾರ ಜೊತೆ ಕೂರುತ್ತಾರೆಂದು ಕೇಳಿ ನೋಡಿ. ಬಾಡಿಗೆ ಮನೆ ಹುಡುಕುವಾಗ ಎದುರಾಗುವ ಮೊದಲ ಪ್ರಶ್ನೆ ಯಾವುದೆಂದೂ ಕೇಳಿ. ಒಬ್ಬ ಹೆಣ್ಣುಮಗಳು ಊರು ಬಿಟ್ಟು ಬೆಂಗಳೂರಿಗೆ ಬಂದು ಒಂಟಿಯಾಗುವುದು ಅವಳಿಗೆ ನಷ್ಟವೋ ಬಿಡುಗಡೆಯೋ ಎಂಬ ಪ್ರಶ್ನೆಗೆ ಗುಂಪಿನಲ್ಲಿ ಒಂದೇ ಉತ್ತರ ಬಂದರೆ ಅನುಮಾನಪಡಿ.

ಮಾರ್ಕ್ಸ್ ಕೂಡ 1853ರಲ್ಲೇ ನಿಂತುಬಿಡಲಿಲ್ಲ. ರಷ್ಯಾದ ಕ್ರಾಂತಿಕಾರಿ ವೆರಾ ಜಾಸುಲಿಚ್ 1881ರಲ್ಲಿ, ತಮ್ಮ ಹಳ್ಳಿಗಳ ಸಾಮೂಹಿಕ ಭೂಒಡೆತನ ಅಳಿಯಲೇಬೇಕೇ ಎಂದು ಕೇಳಿದಾಗ ಅವರು ಹಲವು ಕರಡುಗಳನ್ನು ಬರೆದು ಹೊಡೆದುಹಾಕಿ, ಕೊನೆಗೆ ಒಂದು ಚಿಕ್ಕ ಉತ್ತರ ಕಳಿಸಿದರು: ಹೊರಗಿನ ಹಾನಿಕಾರಕ ಒತ್ತಡಗಳನ್ನು ನಿವಾರಿಸಿದರೆ ಆ ಸಮುದಾಯ ರಷ್ಯಾದ ಸಾಮಾಜಿಕ ಪುನರುಜ್ಜೀವನಕ್ಕೆ ಆಧಾರವಾಗಬಹುದು. ಕರಡುಗಳು ಉತ್ತರಕ್ಕಿಂತ ಸ್ವಾರಸ್ಯವಾಗಿವೆ. ಸಮಯವಿದ್ದರೆ ಮಾತ್ರ ಓದಿ.

ತಪ್ಪಿಸಲಾಗದ ಭೇಟಿ

ಸೋವಿಯತ್ ಅನುಭವವನ್ನು ‘ಅದು ನಿಜವಾದ ಕಮ್ಯುನಿಸಂ ಅಲ್ಲ’ ಎಂಬ ಒಂದೇ ವಾಕ್ಯದಲ್ಲಿ ದಾಟಿ ಹೋಗುವ ಗುಂಪು ಈ ಓದನ್ನು ಮಾಡದಿರುವುದೇ ವಾಸಿ. ಹೋಲಿಕೆಗೆ 1871ರ ಪ್ಯಾರಿಸ್ ಕಮ್ಯೂನ್, ಅಂದರೆ ಆ ನಗರದ ಕಾರ್ಮಿಕರು ಕೆಲಕಾಲ ತಾವೇ ನಡೆಸಿದ ಆಡಳಿತ, ಕುರಿತು ಮಾರ್ಕ್ಸ್ ಬರೆದದ್ದನ್ನು ಮೊದಲು ನೋಡಿ. ಆರಿಸಿಬಂದವರನ್ನು ಯಾವಾಗ ಬೇಕಾದರೂ ವಾಪಸು ಕರೆಸಿಕೊಳ್ಳಬಹುದಿತ್ತು, ಅವರಿಗೆ ಸಿಗುತ್ತಿದ್ದದ್ದು ಕಾರ್ಮಿಕರಷ್ಟೇ ಸಂಬಳ. ಸಮುದಾಯ ತನ್ನ ಜನರ ತಲೆಯ ಮೇಲೆ ಹತ್ತಿ ಕೂರದಂತೆ ತಡೆಯುವ ಉಪಾಯಗಳಿವು, ಬೋರ್ಡಿನ ಎರಡನೆಯ ಪ್ರಶ್ನೆಗೆ ಮಾರ್ಕ್ಸ್ ಕೊಟ್ಟ ಅತ್ಯಂತ ಸ್ಪಷ್ಟ ಉತ್ತರವೂ ಇವೇ.

ಆಮೇಲೆ ರಷ್ಯಾಕ್ಕೆ ಬನ್ನಿ. ಮಾರ್ಕ್ಸ್‌ವಾದಿ ನಾಯಕಿ ರೋಸಾ ಲಕ್ಸೆಂಬರ್ಗ್ 1918ರಲ್ಲಿ ಜರ್ಮನಿಯ ಜೈಲಿನಿಂದಲೇ, ಬೇರೆಯಾಗಿ ಯೋಚಿಸುವವರಿಗೆ ಇರುವ ಸ್ವಾತಂತ್ರ್ಯವೇ ಸ್ವಾತಂತ್ರ್ಯ ಎಂದು ರಷ್ಯಾದಲ್ಲಿ ಅಧಿಕಾರ ಹಿಡಿದಿದ್ದ ಲೆನಿನ್ ಅವರ ಬೊಲ್ಶೆವಿಕ್ ಪಕ್ಷದವರನ್ನು ಎಚ್ಚರಿಸಿದ್ದರು. 1920ರ ಕೊನೆಯಲ್ಲಿ ಲೆನಿನ್ ಅವರೇ, ಕಾರ್ಮಿಕರ ರಾಜ್ಯದಲ್ಲೂ ಕಾರ್ಮಿಕರಿಗೆ ತಮ್ಮ ರಾಜ್ಯದಿಂದಲೇ ರಕ್ಷಣೆ ಬೇಕು, ಅದಕ್ಕೆ ಯೂನಿಯನ್ನುಗಳು ಬೇಕು ಎಂದು ವಾದಿಸಿದರು. ಕೆಲವೇ ತಿಂಗಳಲ್ಲಿ, 1921ರ ಮಾರ್ಚ್‌ನಲ್ಲಿ, ಪಕ್ಷದೊಳಗಿನ ಬಣಗಳನ್ನು ನಿಷೇಧಿಸಿದ ನಿರ್ಣಯವೂ ಅವರದೇ. 1934ರಲ್ಲಿ ಸ್ಟಾಲಿನ್ ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸ್ ಅವರಿಗೆ, ವ್ಯಕ್ತಿ ಮತ್ತು ಸಮೂಹದ ನಡುವೆ ಪರಿಹಾರವಿಲ್ಲದ ವೈರುಧ್ಯ ಇಲ್ಲ, ಇರಬಾರದು ಎಂದು ಹೇಳಿದರು. ಮಾತಾಗಿ ನೋಡಿದರೆ ಅದು 1844ರ ಹಸ್ತಪ್ರತಿಗೆ ತೀರ ದೂರದ್ದಲ್ಲ. 1936ರ ಸೋವಿಯತ್ ಸಂವಿಧಾನ ವಾಕ್ ಸ್ವಾತಂತ್ರ್ಯವನ್ನೂ ಬರೆದುಕೊಟ್ಟಿತು. 1937–38ರಲ್ಲಿ, ಅಲ್ಲಿನ ಭದ್ರತಾ ಇಲಾಖೆಯದೇ ದಾಖಲೆಗಳ ಪ್ರಕಾರ, 6,80,000ಕ್ಕೂ ಹೆಚ್ಚು ಜನರನ್ನು ಗುಂಡಿಟ್ಟು ಕೊಂದರು. ವೈರುಧ್ಯವೇ ಇಲ್ಲ ಎಂದು ಘೋಷಿಸಿಬಿಟ್ಟ ಕಡೆ ‘ಒಲ್ಲೆ’ ಎಂದವರು ವೈರಿಯಾಗದೆ ಇನ್ನೇನಾದಾರು? ಈ ಭೇಟಿಯ ಕೊನೆಗೆ, ಬೌದ್ಧ ಭಿಕ್ಷು ಸಂಘವು ಸರ್ವಾಧಿಕಾರವಿಲ್ಲದೆಯೇ ಸಾಮೂಹಿಕ ಒಡೆತನವನ್ನು ಸಾಧಿಸಿತ್ತು ಎಂದು ಅಂಬೇಡ್ಕರ್ ಬುದ್ಧ ಮತ್ತು ಮಾರ್ಕ್ಸ್‌ರನ್ನು ಹೋಲಿಸುತ್ತ ಮಾಡಿದ ವಾದವನ್ನು ಓದಿ. ಸಂಘಕ್ಕೆ ಸೇರುವುದು, ಬಿಡುವುದು ಸ್ವಂತ ಇಚ್ಛೆಗೆ ಬಿಟ್ಟದ್ದು ಎಂಬುದನ್ನು ಚರ್ಚೆಯಲ್ಲಿ ಮರೆಯಬೇಡಿ.

ಹೊರಗೆ ಹೋಗಿ ಕೇಳುವುದು, ಬರೆಯುವುದು

ಕೊನೆಯ ಹಂತದಲ್ಲಿ ಒಬ್ಬೊಬ್ಬರೂ ನಗರದ ಒಂದು ಕೂಟವನ್ನು ಆರಿಸಿಕೊಂಡು ಎರಡು ಪುಟದ ಟಿಪ್ಪಣಿ ಬರೆಯಬೇಕು. ಆಯ್ಕೆಗೆ ಕೊರತೆಯಿಲ್ಲ. ಕಾಫಿ ಬೋರ್ಡ್ ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ, ಕಮ್ಯುನಿಸ್ಟ್ ನಾಯಕ ಎ. ಕೆ. ಗೋಪಾಲನ್ ಅವರ ಮುಂದಾಳತ್ವದಲ್ಲಿ ಕೆಲಸಗಾರರೇ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಅವುಗಳಲ್ಲಿ ಬೆಂಗಳೂರಿನದು 1957ರ ಆಗಸ್ಟ್‌ನಲ್ಲೇ ಶುರುವಾಯಿತು. ಇಂಥ ಸಂಘದಲ್ಲಿ ಆಡಳಿತ ಮಂಡಳಿಯನ್ನು ಆರಿಸುವವರು ಯಾರು, ಹೊಸದಾಗಿ ಸೇರಿದ ತಾತ್ಕಾಲಿಕ ಕೆಲಸಗಾರರಿಗೆ ಸದಸ್ಯತ್ವ ಇದೆಯೇ ಎಂದು ಕೇಳಬಹುದು. ದೂರವಾಣಿನಗರ, ಜಾಲಹಳ್ಳಿ ಕಡೆಯ ಸರ್ಕಾರಿ ಕಾರ್ಖಾನೆಗಳ ಹಿರಿಯರನ್ನು ಹುಡುಕಿಕೊಂಡು ಹೋಗಬಹುದು. 1980ರ ಡಿಸೆಂಬರ್‌ನಿಂದ 1981ರ ಮಾರ್ಚ್‌ವರೆಗೆ ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐ ಮೊದಲಾದ ಕಾರ್ಖಾನೆಗಳಲ್ಲಿ ನಡೆದ ದೀರ್ಘ ಮುಷ್ಕರವನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಸಂಬಳವಿಲ್ಲದ ಆ ದಿನಗಳಲ್ಲಿ ಕ್ವಾರ್ಟರ್ಸ್‌ನಲ್ಲಿ ಅಡುಗೆ ಹೇಗೆ ನಡೆಯಿತು ಎಂಬುದನ್ನು ಗಂಡಸರಿಗಿಂತ ಅವರ ಮನೆಯವರು ಚೆನ್ನಾಗಿ ಹೇಳಬಲ್ಲರು. ಮುಷ್ಕರ ಬೇಡವೆಂದವರು ಆಮೇಲೆ ಅದೇ ಕಾಲೊನಿಯಲ್ಲಿ ಹೇಗೆ ಬದುಕಿದರು ಎಂಬುದನ್ನು ಸೂಕ್ಷ್ಮವಾಗಿ ಕೇಳಿ.

ಟಿಪ್ಪಣಿಯಲ್ಲಿ ಮಾರ್ಕ್ಸ್‌ನ ಒಂದೇ ಒಂದು ವಾದವನ್ನು ಬಳಸಿ, ಅದು ಈ ಕೂಟದ ವಿಷಯದಲ್ಲಿ ಎಲ್ಲಿಯವರೆಗೆ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ಬರೆಯಿರಿ. ‘ಜನ’, ‘ದುಡಿಯುವ ವರ್ಗ’, ‘ಸಮಾಜ’ ಎಂದು ಬರೆದ ಕಡೆಯಲ್ಲೆಲ್ಲ ನಿಂತು, ಆ ಜಾಗದಲ್ಲಿ ನಿರ್ದಿಷ್ಟವಾಗಿ ಯಾರಿದ್ದಾರೆಂದು ಹೇಳಲು ಸಾಧ್ಯವೇ ನೋಡಿ. ಹೇಳಲಾಗದಿದ್ದರೆ ವಾಕ್ಯವನ್ನು ಹೊಡೆದುಹಾಕಿ. ಹೆಸರುಗಳನ್ನು ಬದಲಿಸಿ, ಕೆಲಸದ ವಿವರಗಳನ್ನು ಬದಲಿಸಬೇಡಿ. ಸಭೆಯಲ್ಲಿ ಓದುವ ಮೊದಲು, ನೀವು ಯಾರ ಬಗ್ಗೆ ಬರೆದಿದ್ದೀರೋ ಅವರಿಗೆ ಟಿಪ್ಪಣಿಯನ್ನು ಓದಿ ಹೇಳಿ. ಅವರ ಆಕ್ಷೇಪಗಳನ್ನು ಅವರದೇ ಮಾತಿನಲ್ಲಿ ಟಿಪ್ಪಣಿಯ ಕೆಳಗೆ ಸೇರಿಸಿ. ಬೇಡ, ಇದನ್ನು ಓದಬೇಡಿ ಎಂದರೆ ಅದನ್ನು ಬದಿಗಿಟ್ಟು ಇನ್ನೊಂದನ್ನು ಬರೆಯಿರಿ.